ಎಲೆ ದಂಡಿಯಾಗಿದೆ, ಹೂವೇ ಇಲ್ಲ: ಬೆಂಗಳೂರಿನ ಒಂದು ತಾರಸಿಯ ಗೆಡ್ಡೆ ಹೂಗಳ ಕತೆ

ದಕ್ಷಿಣ ಬೆಂಗಳೂರಿನ ಒಂದು ಮನೆಯ ತಾರಸಿ ಇದು. ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಗಿಡದ ಕೆಲಸ ಹೆಚ್ಚಾಗಿ ಹೆಂಡತಿಯದ್ದು. ಗುಲಾಬಿ, ದಾಸವಾಳ, ಕರಿಬೇವು, ಒಂದಿಷ್ಟು ಸೊಪ್ಪು, ಎಲ್ಲವೂ ಚೆನ್ನಾಗಿ ಬರುತ್ತಿದ್ದವು. ಕೈ ಕೊಟ್ಟದ್ದು ಗೆಡ್ಡೆಯಿಂದ ಬೆಳೆಯುವ ಹೂಗಿಡಗಳ ಸಾಲು ಮಾತ್ರ. ಅಮರಿಲ್ಲಿಸ್, ಕೆಂಪು ಚೆಂಡಿನಂಥ ಹೂ ಬಿಡುವ ಮೇ ಫ್ಲವರ್, ಪರಿಮಳದ ಬಿಳಿ ಹೂವಿನ ಯೂಕರಿಸ್, ಜೊತೆಗೆ ಆಸೆಪಟ್ಟು ತರಿಸಿದ ಟ್ಯುಲಿಪ್. ಮೂರು ವರ್ಷ ಎಲೆ ಬಂತು. ಎಲ್ಲೋ ಒಂದೆರಡು ಬಿಟ್ಟರೆ ಹೂವು ಬರಲಿಲ್ಲ.

ಗೊಬ್ಬರ ಸಾಲದೇನೋ ಅಂತ ಅವರು ಗೊಬ್ಬರ ಹಾಕಿದರು. ಎಲೆ ಇನ್ನೂ ಜಾಸ್ತಿ ಬಂತು. ಯಾರೋ "ನೀರು ನಿಲ್ಲಿಸಿ, ಗೆಡ್ಡೆಗೆ ರೆಸ್ಟ್ ಬೇಕು" ಅಂದರು. ಒಂದು ಏಪ್ರಿಲ್‌ನಲ್ಲಿ ನೀರು ನಿಲ್ಲಿಸಿದರು. ಎಲೆ ಬಾಡಿತು, ಗೆಡ್ಡೆ ಸುಕ್ಕಾಯಿತು, ಹೂವು ಆಗಲೂ ಇಲ್ಲ. ಕೊನೆಗೆ ಗೆಡ್ಡೆಗಳನ್ನೆಲ್ಲ ಕಿತ್ತು ಯಾರಿಗಾದರೂ ಕೊಟ್ಟುಬಿಡೋಣ ಅನ್ನುವ ಹಂತಕ್ಕೆ ಬಂದಾಗ ನನಗೆ ಕರೆ ಬಂತು. ಆಗ ಆಗಸ್ಟ್ ತಿಂಗಳು.

ಈ ಪ್ರಕರಣವನ್ನು ಬರೆಯಲು ಒಂದು ಕಾರಣವಿದೆ. "ಗೆಡ್ಡೆಗೆ ರೆಸ್ಟ್ ಕೊಡಿ" ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಈ ತಾರಸಿಯಲ್ಲಿ ತಪ್ಪಿದ್ದು ಉಳಿದ ಅರ್ಧ.

ಮೊದಲು ನೋಡಿದಾಗ

ಎಲ್ಲಾ ಕುಂಡಗಳೂ ಹನ್ನೆರಡು ಇಂಚಿನ ಪ್ಲಾಸ್ಟಿಕ್ ಕುಂಡಗಳು. ಒಳಗಿನ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಎಲ್ಲಕ್ಕೂ ಒಂದೇ ಡ್ರಿಪ್ ಪೈಪ್. ಬೆಳಗ್ಗೆ ಟೈಮರ್ ತಾನಾಗಿ ತಿರುಗುತ್ತದೆ, ವರ್ಷವಿಡೀ ನೀರು ಬೀಳುತ್ತದೆ. ಗುಲಾಬಿಗೆ ಅದು ಸರಿ, ಸೊಪ್ಪಿಗೂ ಸರಿ. ಊರಿಗೆ ಹೋದಾಗಲೂ ಗಿಡ ಒಣಗಬಾರದು ಅಂತ ಮಾಡಿಸಿದ್ದು.

ಸಾಲಿನ ಒಂದು ತುದಿ ನೀರಿನ ಟ್ಯಾಂಕಿನ ನೆರಳಲ್ಲಿತ್ತು. ಅಲ್ಲಿ ಅಮರಿಲ್ಲಿಸ್ ಕುಂಡಗಳು. ಇನ್ನೊಂದು ತುದಿಗೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೇರ ಬಿಸಿಲು. ಅಲ್ಲಿ ಯೂಕರಿಸ್, ಅಗಲವಾದ ಎಲೆಗಳ ಅಂಚು ಸುಟ್ಟು ಕಂದಾಗಿತ್ತು. ಅದಲು ಬದಲಾಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಯೂಕರಿಸ್ ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ಮರಗಳ ಕೆಳಗೆ ಬೆಳೆಯುವ ಗಿಡ. ಅಮರಿಲ್ಲಿಸ್‌ಗೆ ಕಡೇಪಕ್ಷ ನಾಲ್ಕೈದು ಗಂಟೆ ಬೆಳಗಿನ ಬಿಸಿಲು ಬೇಕು.

ಅಮರಿಲ್ಲಿಸ್ ಅಂತ ನರ್ಸರಿಗಳಲ್ಲಿ ಮಾರುವುದು ಬಹುಪಾಲು ಹಿಪ್ಪಿಯಾಸ್ಟ್ರಮ್ ಅನ್ನುವ, ಅದರ ಹತ್ತಿರದ ಇನ್ನೊಂದು ಗಿಡ. ಇವರಲ್ಲಿ ಎರಡು ಬಗೆ ಇತ್ತು. ಒಂದು ನಮ್ಮೂರಿನ ಹಳೇ ಮನೆಗಳ ಅಂಗಳದಲ್ಲಿ ಕಾಣುವ ಕೆಂಪು ಹೂವಿನದು, ಪಕ್ಕದ ಮನೆಯವರು ಕೊಟ್ಟದ್ದು. ಇನ್ನೊಂದು ಆನ್‌ಲೈನ್‌ನಲ್ಲಿ ತರಿಸಿದ ಡಚ್ ಗೆಡ್ಡೆ, ಮುಷ್ಟಿಗಿಂತ ದೊಡ್ಡದು, ಬೆಲೆಯೂ ಹಾಗೇ. ಡಚ್ ಗೆಡ್ಡೆಗಳು ಬಂದ ವರ್ಷ ಭರ್ಜರಿಯಾಗಿ ಹೂಬಿಟ್ಟಿದ್ದವಂತೆ. ಆಮೇಲೆ ಸುಮ್ಮನಾದವು.

ಇದರಲ್ಲಿ ಆಶ್ಚರ್ಯವೇನಿಲ್ಲ. ಹಿಪ್ಪಿಯಾಸ್ಟ್ರಮ್ ಗೆಡ್ಡೆಯೊಳಗೆ ಒಂದು ಲೆಕ್ಕವಿದೆ. ನಾಲ್ಕು ಎಲೆ ಹುಟ್ಟಿದ ಮೇಲೆ ಒಂದು ಹೂದಂಡಿನ ಮೊಗ್ಗು, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಆ ಮೊಗ್ಗು ಹೊರಗೆ ಕಾಣುವ ಸುಮಾರು ಒಂದು ವರ್ಷ ಮೊದಲೇ ಒಳಗೆ ಹುಟ್ಟಿರುತ್ತದೆ. ಅಂದರೆ ಮೊದಲ ವರ್ಷದ ಹೂವು ನೆದರ್ಲೆಂಡ್ಸ್‌ನ ಬೆಳೆಗಾರ ತಯಾರು ಮಾಡಿ ಕಳಿಸಿದ್ದು. ನಾವು ಮಾಡಿದ್ದು ನೀರು ಹಾಕಿದ್ದಷ್ಟೇ. ನಮ್ಮ ಕೈಗುಣ ಗೊತ್ತಾಗುವುದು ಎರಡನೇ ವರ್ಷದಿಂದ.

ಒಂದು ಗೆಡ್ಡೆಯನ್ನು ಹೆಚ್ಚಿ ನೋಡಿದ್ದು

ಒಂದು ಗೆಡ್ಡೆಯ ಬುಡ ಆಗಲೇ ಮೆತ್ತಗಾಗಿತ್ತು. ಉಳಿಯುವ ಲಕ್ಷಣ ಇರಲಿಲ್ಲ. ಮನೆಯವರನ್ನು ಕೇಳಿ ಅದನ್ನು ಉದ್ದಕ್ಕೆ ಸೀಳಿದೆವು. ಪದರಗಳ ನಡುವೆ ತೆಳ್ಳಗೆ, ಕಂದು ಬಣ್ಣಕ್ಕೆ ಒಣಗಿದ ಎರಡು ಚೂರು ಸಿಕ್ಕವು. ಕಾಗದದಷ್ಟು ತೆಳು. ಅವು ಸತ್ತ ಹೂಮೊಗ್ಗುಗಳು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇದೇ. ಗಿಡ ಮೊಗ್ಗು ಮಾಡಿರಲಿಲ್ಲ ಅಂತಲ್ಲ. ಮಾಡಿತ್ತು, ಸಾಕಲಾಗದೆ ಒಳಗೇ ಬಿಟ್ಟುಬಿಟ್ಟಿತ್ತು. ಗೆಡ್ಡೆಯಲ್ಲಿ ಕೂಡಿಟ್ಟ ಆಹಾರ ಕಡಿಮೆಯಾದರೆ ಗಿಡ ಮೊದಲು ಕೈಬಿಡುವುದು ಹೂವನ್ನೇ. ಹಾಗಾದರೆ ಕೇಳಬೇಕಾದ ಪ್ರಶ್ನೆ "ರೆಸ್ಟ್ ಕೊಟ್ರಾ?" ಅಂತ ಅಲ್ಲ, "ಮಳೆಗಾಲದಲ್ಲಿ ಎಲೆಗೆ ಏನಾಯಿತು?" ಅಂತ.

ಎಲೆ ತಿರುವಿ ನೋಡಿದರೆ ಉತ್ತರ ಅಲ್ಲೇ ಇತ್ತು. ಕಪ್ಪು ಮೈ, ಬಿಳಿ ಚುಕ್ಕೆ, ನಡುನಡುವೆ ಕೆಂಪು ಕಲೆಯ ಹುಳುಗಳು, ಗುಂಪು ಗುಂಪಾಗಿ. ಲಿಲಿ ಹುಳು ಅಂತ ಕರೆಯುತ್ತಾರೆ, ಪಾಲಿಟೆಲಾ ಗ್ಲೋರಿಯೋಸೆ ಅದರ ಶಾಸ್ತ್ರೀಯ ಹೆಸರು. ಇದರ ಪತಂಗ ನೋಡಲು ಚೆಂದ. ರೆಕ್ಕೆ ಮೇಲೆ ಕೆಂಪು, ಹಳದಿ, ಕಪ್ಪು ಚಿತ್ತಾರ. ಎಲೆಯ ಮೇಲೆ ರಾಶಿಯಾಗಿ ಮೊಟ್ಟೆ ಇಡುತ್ತದೆ. ಮರಿಗಳು ಮೊದಲು ಎಲೆಯ ಮೇಲ್ಪದರ ಕೆರೆದು ತಿನ್ನುತ್ತವೆ, ಬಲಿತ ಮೇಲೆ ಎಲೆಯನ್ನೇ ಬುಡದವರೆಗೆ ಮುಗಿಸುತ್ತವೆ. ಆಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಅಮರಿಲ್ಲಿಸ್, ಮಳೆ ಲಿಲಿ, ಕ್ರೈನಮ್, ಗೌರಿ ಹೂವು ಅಂತ ನಾವು ಕರೆಯುವ ಅಗ್ನಿಶಿಖೆ, ಎಲ್ಲವೂ ಇದಕ್ಕೆ ಇಷ್ಟ.

ಮನೆಯವರಿಗೆ ಹುಳು ಹೊಸದೇನಲ್ಲ. "ಪ್ರತಿ ವರ್ಷ ಬರುತ್ತೆ, ಎಲೆ ತಿಂದು ಹೋಗುತ್ತೆ, ಮತ್ತೆ ಹೊಸ ಎಲೆ ಬರುತ್ತಲ್ಲ" ಅಂದರು. ಬರುತ್ತದೆ, ನಿಜ. ಆದರೆ ಆ ಹೊಸ ಎಲೆ ಬರುವುದು ಗೆಡ್ಡೆಯ ಉಳಿತಾಯದಿಂದ. ವರ್ಷಕ್ಕೆ ಎರಡು ಸಲ ಎಲೆ ಕಳೆದುಕೊಂಡು ಎರಡು ಸಲ ಹೊಸದು ಕಟ್ಟಿದ ಗೆಡ್ಡೆಯ ಹತ್ತಿರ ಹೂವಿಗೆ ಏನು ಉಳಿಯುತ್ತೆ ಹೇಳಿ? ಅದರ ಮೇಲೆ ಟ್ಯಾಂಕಿನ ನೆರಳು. ಅದರ ಮೇಲೆ ಒಂದೊಂದು ಕುಂಡದಲ್ಲಿ ಐದಾರು ಮರಿ ಗೆಡ್ಡೆಗಳ ಪೈಪೋಟಿ. ಹಾಕಿದ್ದ ಗೊಬ್ಬರವಾದರೂ ಯಾವುದು? ಯೂರಿಯಾ. ಅದರಲ್ಲಿರುವ ಸಾರಜನಕ ಎಲೆಯನ್ನು ಬೆಳೆಸುತ್ತದೆ, ಹುಳಕ್ಕೆ ಮೆತ್ತನೆಯ ಮೇವು ಒದಗಿಸುತ್ತದೆ.

ಊಟವಿಲ್ಲದವರನ್ನು ಬಲವಂತವಾಗಿ ಮಲಗಿಸಿದರೆ ಏನು ಪ್ರಯೋಜನ? ಏಪ್ರಿಲ್‌ನಲ್ಲಿ ನೀರು ನಿಲ್ಲಿಸಿದಾಗ ಆದದ್ದು ಅದೇ. ಅದೂ ತಪ್ಪು ತಿಂಗಳು. ಏಪ್ರಿಲ್ ಇವು ಹೂ ಬಿಡಬೇಕಾದ ಹೊತ್ತು.

ಮಾಡಿದ ಬದಲಾವಣೆ

ಮೊದಲ ಕೆಲಸ ಹುಳು ಆರಿಸುವುದು. ಬೆಳಗ್ಗೆ ಸಂಜೆ ಎಲೆಯ ಎರಡೂ ಬದಿ ನೋಡಿ, ಹುಳುಗಳನ್ನು ಸೋಪಿನ ನೀರಿಗೆ ಹಾಕುವುದು. ಮೊಟ್ಟೆಯ ರಾಶಿ ಕಂಡರೆ ಎಲೆಯ ಆ ತುಂಡನ್ನೇ ಕತ್ತರಿಸುವುದು. ವಾರಕ್ಕೊಮ್ಮೆ ಬೇವಿನೆಣ್ಣೆ, ಲೀಟರ್ ನೀರಿಗೆ 5 ಮಿಲಿ, ಸ್ವಲ್ಪ ಸೋಪು ಬೆರೆಸಿ. ಬೇವಿನೆಣ್ಣೆಯೊಂದೇ ಸಾಕು ಅಂತ ನಾನು ಹೇಳಲಾರೆ. ದೊಡ್ಡ ಹುಳಕ್ಕೆ ಅದು ನಾಟುವುದು ಕಡಿಮೆ. ಕೈಯಲ್ಲಿ ಆರಿಸಿದ್ದೇ ಹೆಚ್ಚು ಕೆಲಸ ಮಾಡಿತು. ಮನೆಯ ಯಜಮಾನರು ಅದನ್ನು ವಾಕಿಂಗ್ ಮುಗಿಸಿ ಬಂದ ಮೇಲಿನ ಕೆಲಸ ಮಾಡಿಕೊಂಡರು. ಹೆಂಡತಿಗಿಂತ ಅವರಿಗೇ ಇದರಲ್ಲಿ ಛಲ ಜಾಸ್ತಿ ಬಂತು ಅಂತ ಕೇಳಿದೆ.

ಎರಡನೆಯದು ಕುಂಡ ಬದಲಿಸುವುದು. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಗೆಡ್ಡೆ ಅಲುಗಿಸಬಾರದು, ಎಲೆ ದುಡಿಯುವ ಸಮಯ. ಆದರೆ ಇಲ್ಲಿ ಕೋಕೋಪೀಟ್ ಕೆಸರಾಗಿತ್ತು, ಕಾಯುವ ಹಾಗಿರಲಿಲ್ಲ. ಗೆಡ್ಡೆಗಿಂತ ಸುತ್ತ ಎರಡು ಬೆರಳು ಅಗಲವಿರುವ ಮಣ್ಣಿನ ಕುಂಡ ತಂದೆವು. ಕೆಂಪು ಮಣ್ಣು, ದಪ್ಪ ಮರಳು, ಹಳೇ ಕೊಟ್ಟಿಗೆ ಗೊಬ್ಬರ ಮೂರೂ ಸಮ, ಮೇಲೆ ಒಂದು ಹಿಡಿ ಮೂಳೆಪುಡಿ. ಗೆಡ್ಡೆಯ ಕುತ್ತಿಗೆ, ಭುಜ ಮಣ್ಣಿನ ಹೊರಗಿರಬೇಕು. ಮೊದಲು ಪೂರ್ತಿ ಹೂತಿದ್ದರು. ಪೂರ್ತಿ ಹೂತರೆ ಕುತ್ತಿಗೆಯಲ್ಲಿ ನೀರು ನಿಂತು ಕೊಳೆಯುವುದು ಸುಲಭ.

ಮರಿ ಗೆಡ್ಡೆಗಳನ್ನು ಬಿಡಿಸಿ ಬೇರೆ ಟ್ರೇಗೆ ಹಾಕಿದೆವು. ಅಮರಿಲ್ಲಿಸ್ ಕುಂಡಗಳು ಬಿಸಿಲಿನ ತುದಿಗೆ ಹೋದವು, ಯೂಕರಿಸ್ ಟ್ಯಾಂಕಿನ ನೆರಳಿಗೆ ಬಂತು. ಯೂರಿಯಾ ನಿಂತಿತು. ಅದರ ಬದಲು ಹದಿನೈದು ದಿನಕ್ಕೊಮ್ಮೆ ಪೊಟ್ಯಾಷ್ ಜಾಸ್ತಿ ಇರುವ ದ್ರವ ಗೊಬ್ಬರ, ತೆಳ್ಳಗೆ. ಸೌದೆ ಒಲೆಯ ಬೂದಿ ಸಿಕ್ಕರೆ ಅದೂ ಆಗುತ್ತದೆ, ಚಿಟಿಕೆಯಷ್ಟು.

ಒಂದೆರಡು ಗಿಡಗಳ ಎಲೆಯ ಮೇಲೆ ಕೆಂಪು ಗೀಟು, ಕೆಂಪು ಕಲೆ ಇತ್ತು. ಅದು ಸ್ಟ್ಯಾಗೊನೊಸ್ಪೋರಾ ಅನ್ನುವ ಶಿಲೀಂಧ್ರದ ಕೆಲಸ. ಎಲೆ ಮೇಲೆ ನೀರು ನಿಂತರೆ ಹರಡುತ್ತದೆ. ಆ ಎಲೆ ಕತ್ತರಿಸಿ, ಕುಂಡ ದೂರ ಇಟ್ಟು, ಮೇಲಿಂದ ನೀರು ಹೊಯ್ಯುವುದನ್ನು ಬಿಟ್ಟಿದ್ದಕ್ಕೇ ಹತೋಟಿಗೆ ಬಂತು.

ಡಿಸೆಂಬರ್‌ನ ರೆಸ್ಟ್

ಈಗ ರೆಸ್ಟ್ ವಿಷಯ. ನವೆಂಬರ್ ಕೊನೆಯವರೆಗೆ ಎಲೆಗಳನ್ನು ಕಾಪಾಡಿದ ಮೇಲೆ ಅಮರಿಲ್ಲಿಸ್‌ಗೆ ನೀರು ಕಡಿಮೆ ಮಾಡುತ್ತಾ ಬಂದು, ಡಿಸೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿದೆವು. ಕುಂಡಗಳು ಮೆಟ್ಟಿಲ ಕೆಳಗೆ ಹೋದವು. ಸೂರಿನ ಕೆಳಗೆ ಯಾಕೆ ಅಂದರೆ ಬೆಂಗಳೂರನ್ನು ನಂಬುವ ಹಾಗಿಲ್ಲ. ಹಿಂಗಾರು ಮುಗಿಯಿತು ಅಂದುಕೊಂಡಾಗ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಆಗುತ್ತದೆ, ಇಲ್ಲಿ ಮೂರು ದಿನ ಜಿಟಿಜಿಟಿ. ರೆಸ್ಟ್‌ನಲ್ಲಿರುವ ಗೆಡ್ಡೆಗೆ ಆ ಮೂರು ದಿನದ ನೀರೇ ಕೊಳೆಯಲು ಸಾಕು.

ಹಸಿರೆಲೆ ಕತ್ತರಿಸಿ ಹಾಕಿ ಅಂತ ಹಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಣ್ಣಾಗುವ ಎಲೆಯಿಂದ ಗೆಡ್ಡೆ ಕೊನೆಯವರೆಗೂ ಸಾರ ಎಳೆದುಕೊಳ್ಳುತ್ತದೆ. ಒಣಗಿದ್ದನ್ನು ಮಾತ್ರ ತೆಗೆದರೆ ಸಾಕು. ನಮ್ಮ ಚಳಿಗೆ ಕೆಲವು ಎಲೆ ಕೊನೆಗೂ ಒಣಗುವುದಿಲ್ಲ, ಇರಲಿ ಬಿಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬಿಡಿಸಿದ ಕೆಲವು ಗೆಡ್ಡೆಗಳನ್ನು ಅವರು ಮೆಟ್ಟಿಲ ಕೆಳಗೇ ಪೇಪರ್ ಹಾಸಿ ಒಣಗಲು ಇಟ್ಟಿದ್ದರು. ಪಕ್ಕದಲ್ಲೇ ಅಡುಗೆಯ ಈರುಳ್ಳಿ ಬುಟ್ಟಿ! ಕೆಲಸದವರೋ ನೆಂಟರೋ ನೋಡದೆ ಒಂದನ್ನು ಎತ್ತಿಕೊಂಡರೆ ಕತೆ ಮುಗಿಯಿತು. ಅಮರಿಲ್ಲಿಸ್ ಜಾತಿಯ ಗೆಡ್ಡೆಗಳಲ್ಲಿ ಲೈಕೋರಿನ್ ಅನ್ನುವ ವಿಷವಿದೆ. ವಾಂತಿ, ಹೊಟ್ಟೆನೋವು, ಭೇದಿ ತರುತ್ತದೆ. ನಾಯಿ ಬೆಕ್ಕಿಗೂ ಅಪಾಯ. ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಅಂತೂ ಪ್ರಾಣಕ್ಕೇ ಅಪಾಯ. ಗೆಡ್ಡೆಗಳನ್ನು ಅವತ್ತೇ ಅಲ್ಲಿಂದ ತೆಗೆಸಿ, ಹೆಸರು ಬರೆದ ಡಬ್ಬಕ್ಕೆ ಹಾಕಿಸಿದೆ.

ಮೇ ಫ್ಲವರ್‌ನದ್ದು ಬೇರೆಯೇ ಕತೆ. ಕೊಡಗಿನ ನೆಂಟರ ಮನೆಯಿಂದ ತಂದದ್ದು. ಅಲ್ಲಿ ಕಾಂಪೌಂಡ್ ಪಕ್ಕ ಯಾರೂ ನೋಡದಿದ್ದರೂ ಪ್ರತಿ ವರ್ಷ ಕೆಂಪು ಚೆಂಡು ಬಿಡುತ್ತಿತ್ತು, ಇಲ್ಲಿ ಮಾತ್ರ ಮುನಿಸು. ಮೂಲ ಆಫ್ರಿಕಾ, ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್ ಅಂತ ಹೆಸರು. ಒಂದು ಚೆಂಡಿನಲ್ಲಿ ಇನ್ನೂರರವರೆಗೆ ಪುಟ್ಟ ಹೂಗಳಿರಬಹುದು. ಇದಕ್ಕೆ ಯಾರೂ ರೆಸ್ಟ್ ಕೊಡಬೇಕಾಗಿಲ್ಲ, ತಾನೇ ತೆಗೆದುಕೊಳ್ಳುತ್ತದೆ. ಚಳಿಗಾಲಕ್ಕೆ ಎಲೆ ಬಿದ್ದು ನೆಲದ ಮೇಲೆ ಏನೂ ಇರುವುದಿಲ್ಲ. ಕೊಡಗಿನಲ್ಲಿ ಆ ಹೊತ್ತಿಗೆ ನೆಲವೂ ಒಣಗಿರುತ್ತದೆ. ಮಳೆಗಾಲದಲ್ಲಿ ಎಷ್ಟು ಸುರಿದರೇನು, ಜನವರಿ ಫೆಬ್ರವರಿಯಲ್ಲಿ ಅಲ್ಲಿ ಮಣ್ಣು ಪುಡಿಪುಡಿ. ಈ ತಾರಸಿಯಲ್ಲಿ ಮಾತ್ರ ಖಾಲಿ ಕಂಡ ಕುಂಡಕ್ಕೆ ಟೈಮರ್ ದಿನಾ ನೀರು ಬಿಡುತ್ತಿತ್ತು. ಮೂರು ಗೆಡ್ಡೆಯಲ್ಲಿ ಒಂದು ಕೊಳೆತು ಹೋಗಿತ್ತು. ಉಳಿದವು ಬದುಕಿದ್ದೇ ದೊಡ್ಡದು.

ಅದಕ್ಕೆ ಮಾಡಿದ್ದು ಒಂದೇ ಕೆಲಸ. ಎಲೆ ಹಳದಿಯಾದ ಕೂಡಲೇ ಡ್ರಿಪ್ ನಳಿಕೆ ಕಿತ್ತು, ಕುಂಡವನ್ನು ಸೂರಿನ ಕೆಳಗೆ ಎಳೆದಿಟ್ಟದ್ದು. ಬೇರು ಕದಲಿಸಲಿಲ್ಲ. ಈ ಗಿಡಕ್ಕೆ ಬೇರು ಮುಟ್ಟಿದರೆ ಒಂದು ವರ್ಷ ಕೋಪ. ಇಕ್ಕಟ್ಟಾದ ಕುಂಡದಲ್ಲೇ ಚೆನ್ನಾಗಿ ಹೂಬಿಡುತ್ತದೆ.

ಯೂಕರಿಸ್‌ಗೆ ಪೂರ್ತಿ ಒಣಗಿಸುವ ರೆಸ್ಟ್ ಕೊಡಲೇಬಾರದು. ಅದು ವರ್ಷವಿಡೀ ಎಲೆ ಇಟ್ಟುಕೊಳ್ಳುವ ಗಿಡ. ಮೂರ್ನಾಲ್ಕು ವಾರ ನೀರು ಸ್ವಲ್ಪ ಬಿಗಿ ಹಿಡಿದು, ಎಲೆ ಜೋತು ಬೀಳುವ ಮುಂಚೆ ಮತ್ತೆ ಧಾರಾಳವಾಗಿ ಕೊಟ್ಟರೆ ಮೊಗ್ಗು ಹೊರಡುತ್ತದೆ. ನೆರಳಿಗೆ ಬಂದಿದ್ದಕ್ಕೋ ನೀರಿನ ಏರಿಳಿತಕ್ಕೋ, ಚಳಿಗಾಲದಲ್ಲೇ ಒಂದು ಗೊಂಚಲು ಬಿಳಿ ಹೂ ಬಿಟ್ಟಿತು. ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದರ ಪುಣ್ಯ ಅಂತ ಬೇರೆ ಮಾಡಿ ಹೇಳಲಾಗದು. ಪರಿಮಳ ಮಾತ್ರ ತಾರಸಿ ಬಾಗಿಲವರೆಗೂ ಬರುತ್ತಿತ್ತು.

ಟ್ಯುಲಿಪ್ ಆಸೆ

ಟ್ಯುಲಿಪ್ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಮಾತಾಡಿದೆ. ಅದಕ್ಕೆ ಬೇಕಾದದ್ದು ಒಣ ರೆಸ್ಟ್ ಅಲ್ಲ, ಚಳಿ. 2ರಿಂದ 9 ಡಿಗ್ರಿಯ ಚಳಿಯಲ್ಲಿ 12ರಿಂದ 16 ವಾರ ಇದ್ದರೆ ಮಾತ್ರ ಹೂದಂಡು ಸರಿಯಾಗಿ ಉದ್ದವಾಗುತ್ತದೆ. ಬೆಂಗಳೂರಿನ ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರಲ್ಲಿ. ಶ್ರೀನಗರದಲ್ಲಿ ಜಬರ್ವಾನ್ ಬೆಟ್ಟದ ಬುಡದಲ್ಲಿ 2007ರಲ್ಲಿ ಶುರುವಾದ ಟ್ಯುಲಿಪ್ ತೋಟಕ್ಕೆ ಚಳಿಗಾಲವೇ ಈ ಕೆಲಸ ಪುಕ್ಕಟೆಯಾಗಿ ಮಾಡಿಕೊಡುತ್ತದೆ. ನಮಗೆ ಫ್ರಿಜ್ ಒಂದೇ ದಾರಿ.

ಇವರೂ ಫ್ರಿಜ್ಜಿನಲ್ಲಿಟ್ಟಿದ್ದರು. ತರಕಾರಿ ಡ್ರಾಯರ್‌ನಲ್ಲಿ, ಸೇಬಿನ ಜೊತೆ. ಸೇಬು, ಬಾಳೆಯಂಥ ಹಣ್ಣುಗಳಿಂದ ಎಥಿಲೀನ್ ಅನಿಲ ಹೊರಡುತ್ತದೆ. ಅದು ಟ್ಯುಲಿಪ್ ಗೆಡ್ಡೆಯೊಳಗಿನ ಹೂಮೊಗ್ಗನ್ನು ಕೊಲ್ಲುತ್ತದೆ. ನೆಟ್ಟ ಮೇಲೆ ಎಲೆ ಬಂತು, ನಡುವೆ ಒಣಗಿದ ಮೊಗ್ಗು. ಮುಂದಿನ ವರ್ಷ ಹಣ್ಣಿಲ್ಲದ ಜಾಗದಲ್ಲಿ ಐದಾರು ವಾರ ಇಟ್ಟು ಆತುರಪಟ್ಟು ನೆಟ್ಟರು. ಹೂವು ಬಂತು, ಮಣ್ಣಿಗೆ ಅಂಟಿಕೊಂಡೇ ಅರಳಿತು. ದಂಡು ಗಿಡ್ಡವಾದರೆ ಚಳಿ ಸಾಲಲಿಲ್ಲ ಅಂತಲೇ ಅರ್ಥ.

ಸರಿಯಾಗಿ ಮಾಡಿದರೂ ಇಲ್ಲಿ ಅದು ಒಂದೇ ಬಾರಿಯ ಹೂವು. ನಮ್ಮ ಬಿಸಿಲು ಬೇಗ ಏರುವುದರಿಂದ ಗೆಡ್ಡೆ ಮತ್ತೆ ತುಂಬಿಕೊಳ್ಳುವಷ್ಟು ದಿನ ಎಲೆ ಉಳಿಯುವುದಿಲ್ಲ. ಹೂಗುಚ್ಛಕ್ಕೆ ಕೊಟ್ಟ ದುಡ್ಡು ಅಂದುಕೊಂಡು ಮಾಡಿದರೆ ಖುಷಿ. ಪ್ರತಿ ವರ್ಷ ಬರುತ್ತದೆ ಅಂದುಕೊಂಡರೆ ಸುಮ್ನೆ ಬೇಜಾರು. ಅದೇ ಜಾಗದಲ್ಲಿ ಮಳೆ ಲಿಲಿ ಹಾಕಿ ಅಂದೆ. ಅವರಿಗೆ ಅದು ತೀರಾ ಸಾಮಾನ್ಯದ್ದು ಅನಿಸಿತು.

ಬಂದ ಫಲ

ಫೆಬ್ರವರಿ ಕೊನೆಗೆ ಅಮರಿಲ್ಲಿಸ್ ಕುಂಡಗಳು ಮತ್ತೆ ಬಿಸಿಲಿಗೆ ಬಂದವು. ಒಂದು ಸಲ ಚೆನ್ನಾಗಿ ನೀರು. ಆಮೇಲೆ ಮೊಗ್ಗಿನ ಮೂಗು ಕಾಣುವವರೆಗೆ ಕೈ ಕಟ್ಟಿ ಕೂರಬೇಕು. ಈ ಹೊತ್ತಿನಲ್ಲಿ ಆಸೆಗೆ ಬಿದ್ದು ದಿನಾ ನೀರು ಹಾಕಿದರೆ ಬೇರು ಏಳುವ ಮೊದಲೇ ಬುಡ ಕೊಳೆಯುತ್ತದೆ. ಹಾಗೆಯೇ ಒಂದು ಗೆಡ್ಡೆ ಹೋಯಿತು.

ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ ಕೆಂಪು ಅಮರಿಲ್ಲಿಸ್‌ಗಳು ಒಂದಾದ ಮೇಲೊಂದು ಅರಳಿದವು. ದಪ್ಪ ಗೆಡ್ಡೆಗಳಲ್ಲಿ ಕೆಲವು ಎರಡೆರಡು ದಂಡು ಕೊಟ್ಟವು. ನಿಂಬೆ ಗಾತ್ರದವು ಬರೀ ಎಲೆ ಕೊಟ್ಟವು, ಅವುಗಳಿಂದ ಹೂವು ನಿರೀಕ್ಷಿಸುವುದೂ ತಪ್ಪು. ಮೇ ಫ್ಲವರ್ ಎರಡೂ ಬಿಟ್ಟವು. ಮೇ ತಿಂಗಳ ಮೊದಲ ಜೋರು ಮಳೆ ಬಿದ್ದ ಮೇಲೆ ಎಲೆಗಿಂತ ಮುಂಚೆ ದಂಡು ಎದ್ದಿತು. ಗೊಬ್ಬರ, ರೆಸ್ಟ್ ಅಂತ ತಲೆಕೆಡಿಸಿಕೊಂಡ ಮನೆಯಲ್ಲಿ ಅದಕ್ಕೆ ಬೇಕಾಗಿದ್ದದ್ದು ಒಂದು ನಳಿಕೆ ಕೀಳುವುದಷ್ಟೇ ಅಲ್ವಾ ಅಂತ ಮನೆಯವರು ನಕ್ಕರು.

ಈಗ ಡ್ರಿಪ್ ಎರಡು ಲೈನ್ ಆಗಿದೆ. ಗುಲಾಬಿ, ಸೊಪ್ಪು, ಯೂಕರಿಸ್ ಒಂದರಲ್ಲಿ. ಅಮರಿಲ್ಲಿಸ್, ಮೇ ಫ್ಲವರ್ ಇನ್ನೊಂದರಲ್ಲಿ. ಎರಡನೆಯದಕ್ಕೆ ಟೈಮರ್ ಇಲ್ಲ, ಕೈಯಲ್ಲಿ ತಿರುಗಿಸುವ ವಾಲ್ವ್. ಟ್ರೇಯ ಮರಿ ಗೆಡ್ಡೆಗಳು ಹೂವಿಗೆ ಬರಲು ಇನ್ನೆರಡು ಮೂರು ವರ್ಷ ಬೇಕು, ಅಷ್ಟರಲ್ಲಿ ಅರ್ಧ ಬೀದಿಗೆ ಹಂಚಿ ಆಗಿರುತ್ತದೆ.

ಬಗೆಹರಿಯದೆ ಉಳಿದದ್ದು ಡಚ್ ಗೆಡ್ಡೆಗಳ ವಿಷಯ. ಒಂದು ಹೂಬಿಟ್ಟಿತು, ಮೊದಲ ವರ್ಷಕ್ಕಿಂತ ಕಡಿಮೆ. ಇನ್ನೊಂದರ ಎಲೆಯಲ್ಲಿ ತೆಳು ಹಳದಿ ಗೀಟುಗಳು ಮೂಡಿವೆ. ನನ್ನ ಕಣ್ಣಿಗೆ ಅದು ಮೊಸಾಯಿಕ್ ವೈರಸ್. ಅದಕ್ಕೆ ಔಷಧಿ ಇಲ್ಲ. ಗಿಡಹೇನು ಕೂತು ಎದ್ದರೂ ಹರಡುತ್ತದೆ, ಒಂದೇ ಚಾಕುವಿನಿಂದ ಎರಡು ಗಿಡ ಕತ್ತರಿಸಿದರೂ ಹರಡುತ್ತದೆ. ಎಸೆಯಿರಿ ಅಂತ ನಾನು ಹೇಳುತ್ತಲೇ ಇದ್ದೇನೆ. ಅಷ್ಟು ದುಡ್ಡು ಕೊಟ್ಟದ್ದು ಹೇಗೆ ಎಸೆಯುವುದು ಅಂತ ಅವರು. ಸದ್ಯಕ್ಕೆ ಅದು ತಾರಸಿಯ ಇನ್ನೊಂದು ಮೂಲೆಯಲ್ಲಿದೆ, ಅದಕ್ಕೆ ಅಂತಲೇ ಬೇರೆ ಕತ್ತರಿ ಕೊಂಡಿದ್ದಾರೆ.